ಸ್ಪ್ಯಾನಿಷ್ ಸಬ್‌ಜಂಕ್ಟಿವ್ ಚಾರ್ಟ್ ಬಾಯಿಪಾಠ ಮಾಡಲು ಎಷ್ಟು ದಿನ ಬೇಕು? ಆ್ಯಪ್ ಒಳ್ಳೆಯದಾ, ಪುಸ್ತಕನಾ?

ಸಬ್‌ಜಂಕ್ಟಿವ್ ಅಂದರೆ ಆಸೆ, ಅಪ್ಪಣೆ, ಅನುಮಾನ ಹೇಳುವಾಗ ಕ್ರಿಯಾಪದ ತಾಳುವ ರೂಪ. ಅದರ ಚಾರ್ಟನ್ನು ನಾನು ಹತ್ತೇ ದಿನದಲ್ಲಿ ಬಾಯಿಪಾಠ ಮಾಡಿದ್ದೆ. ಬಚ್ಚಲುಮನೆ ಬಾಗಿಲಿಗೆ ಚಾರ್ಟ್ ಅಂಟಿಸಿ, ಹಲ್ಲುಜ್ಜುತ್ತಾ ಮಗ್ಗಿ ಥರ ಹೇಳಿಕೊಳ್ಳುತ್ತಿದ್ದೆ. ಕ್ಲಾಸಿನ ಟೆಸ್ಟಲ್ಲಿ ಒಂದೂ ತಪ್ಪಲಿಲ್ಲ. ತಪ್ಪಿದ್ದು ಕೆಲಸದಲ್ಲಿ.

ಆಗ ಬೆಂಗಳೂರಿನ ಒಂದು ಕಂಪನಿಯಲ್ಲಿ ಮೆಕ್ಸಿಕೋ ಗ್ರಾಹಕರಿಗೆ ಮೇಲ್ ಬರೆಯುವ ಕೆಲಸ ನನ್ನದು. ಗ್ವಾದಲಹಾರದ ಒಬ್ಬರಿಂದ ಕಾಗದಪತ್ರ ಬರಬೇಕಿತ್ತು. "ಇವತ್ತೇ ಕಳಿಸೋಕೆ ಹೇಳು" ಎಂದರು ಮ್ಯಾನೇಜರ್. ನಾನು ಬರೆದೆ: "ಮಿ ಹೆಫೆ ದೀಸೆ ಕೆ ಮಾಂದಾ ಲೋಸ್ ಪಪೆಲೆಸ್ ಓಯ್." ಬರೆಯಬೇಕಿದ್ದದ್ದು ಮಾಂದಾ ಅಲ್ಲ, ಮಾಂದೆ. ಒಂದೇ ಒಂದು ಸ್ವರ. ಮಾಂದೆ ಅಂದರೆ "ನೀವು ಕಳಿಸಬೇಕಂತೆ". ನಾನು ಬರೆದದ್ದು "ಸಾಹೇಬರೇ ಇವತ್ತು ಕಳಿಸ್ತಾರಂತೆ" ಅಂತಾಯಿತು. ಪಾಪ, ಆತ ನಮ್ಮ ಕಾಗದ ಬರುತ್ತದೆ ಅಂತ ಕಾದರು, ನಾವು ಅವರದ್ದು ಬರುತ್ತದೆ ಅಂತ ಕಾದೆವು, ನಾಲ್ಕು ದಿನ ಹೀಗೇ ಕಳೆದು ಗಡುವು ಮುಗಿಯಿತು. ಆ ತಿಂಗಳೇ ನನ್ನನ್ನು ಸ್ಪ್ಯಾನಿಷ್ ಟೀಮಿನಿಂದ ತೆಗೆದರು.

ರೂಪ ಗೊತ್ತಿಲ್ಲದೆ ಆದ ತಪ್ಪಲ್ಲ ಇದು. ಮಂದಾರ್ (ಕಳಿಸು) ಕ್ರಿಯಾಪದದ ಎಲ್ಲ ರೂಪಗಳನ್ನೂ ನಿದ್ದೆಗಣ್ಣಲ್ಲೂ ಹೇಳುತ್ತಿದ್ದೆ. ಚಾರ್ಟಿನ ಪಕ್ಕ ಇನ್ನೊಂದು ಪಟ್ಟಿ ಇತ್ತು: ಕಿಯೆರೊ ಕೆ (ನನಗೆ ಬೇಕು), ಎಸ್ಪೆರೊ ಕೆ (ಆಶಿಸುತ್ತೇನೆ), ಓಹಲಾ (ಹಾಗಾಗಲಿ) ಬಂದರೆ ಸಬ್‌ಜಂಕ್ಟಿವ್ ಹಾಕು ಅಂತ. ಅದನ್ನೂ ಉರು ಹೊಡೆದಿದ್ದೆ. ಅದರಲ್ಲಿ ದೀಸೆ ಕೆ (ಹೇಳುತ್ತಾರೆ) ಇರಲಿಲ್ಲ, ಹಾಗಾಗಿ ಕೈ ತಾನಾಗಿಯೇ ಮಾಂದಾ ಬರೆಯಿತು. ಪಟ್ಟಿಯಲ್ಲಿ ಇದ್ದಿದ್ದರೂ ಉಪಯೋಗವಿರಲಿಲ್ಲ, ಏಕೆಂದರೆ ದೀಸೆ ಕೆ ಎರಡೂ ಕಡೆ ನಡೆಯುತ್ತದೆ. ಸುದ್ದಿ ಮುಟ್ಟಿಸಿದರೆ ಮಾಂದಾ, ಅಪ್ಪಣೆ ಮುಟ್ಟಿಸಿದರೆ ಮಾಂದೆ. ಕಳಿಸ್ತಾರಂತೆ, ಕಳಿಸಬೇಕಂತೆ. ಈ ವ್ಯತ್ಯಾಸ ಕನ್ನಡದಲ್ಲಿ ಚಿಕ್ಕ ಮಗುವಿಗೂ ಗೊತ್ತು, ಅಲ್ವಾ? ನಾನು ಸ್ಪ್ಯಾನಿಷ್ ಬರೆಯುವಾಗ ಅದನ್ನು ಕೇಳಿಕೊಳ್ಳಲೇ ಇಲ್ಲ.

ಅದಕ್ಕೇ ಎಷ್ಟು ದಿನ ಅನ್ನುವ ಪ್ರಶ್ನೆಯೇ ಬೇಡ. ಆ್ಯಪೋ ಪುಸ್ತಕವೋ, ಯಾವುದಾದರೂ ಸರಿ. ಚಾರ್ಟ್ ಮಾತ್ರ ಹರಿದು ಹಾಕಿ. ಯೋ ರೂಪ, ಅಂದರೆ 'ನಾನು' ಜೊತೆ ಬರುವ ವರ್ತಮಾನ ರೂಪ ತಗೊಳ್ಳಿ, ಕೊನೆಯ ಓ ತೆಗೆಯಿರಿ. ಮೂಲರೂಪ ಆರ್ ಅಂತ ಮುಗಿಯುವ ಗುಂಪಿಗೆ ಎ, ಎರ್ ಮತ್ತು ಇರ್ ಗುಂಪಿಗೆ ಆ. ಆಬ್ಲೊ (ಮಾತಾಡುತ್ತೇನೆ) ಆಬ್ಲೆ ಆಯಿತು, ಕೋಮೊ (ತಿನ್ನುತ್ತೇನೆ) ಕೋಮಾ, ಎಸ್ಕ್ರೀಬೊ (ಬರೆಯುತ್ತೇನೆ) ಎಸ್ಕ್ರೀಬಾ. ತೆಂಗೊ (ನನ್ನ ಹತ್ತಿರ ಇದೆ) ಕೂಡ ಹೀಗೇ ತೆಂಗಾ. ಬುಸ್ಕಾರ್ (ಹುಡುಕು) ಥರದವಕ್ಕೆ ಜನ ಸುಮ್ನೆ ಹೆದರುತ್ತಾರೆ. ಕಿವಿಗೆ ಅದು ಬೂಸ್ಕೊ, ಬೂಸ್ಕೆ ಅಷ್ಟೇ. 'ಕ' ಸದ್ದು ಉಳಿಯಲಿ ಅಂತ ಸಿ ಅಕ್ಷರದ ಜಾಗಕ್ಕೆ ಕ್ಯೂ, ಯೂ ಎರಡು ಬರುತ್ತವೆ. ಮತ್ತೆ ನಾನು, ಅವನು, ಉಸ್ತೆದ್ (ನೀವು) ಮೂರಕ್ಕೂ ಒಂದೇ ರೂಪ. ಗೊಂದಲ ಆಗುವಂತಿದ್ದರೆ ಯಾರು ಅಂತ ಬಿಡಿಸಿ ಬರೆಯಿರಿ, ಮಾಂದೆ ಉಸ್ತೆದ್ ಅಂತ. ನಾನು ಈಗ ಪ್ರತಿ ಸಲ ಹಾಗೇ ಬರೆಯುತ್ತೇನೆ.

ಕಲಿಯುವಾಗ ಇಡೀ ವಾಕ್ಯ ಕಲಿಯಿರಿ, ಅದೂ ಕನ್ನಡದ ಜೊತೆ. ನಮ್ಮ 'ಲಿ' ಇಲ್ಲಿ ತುಂಬಾ ಕೆಲಸಕ್ಕೆ ಬರುತ್ತದೆ. ಕೆ ಪಾಸೆ, ಒಳಗೆ ಬರಲಿ. ಓಹಲಾ ಗಾನೆ, ಗೆಲ್ಲಲಿ. ಕಿಯೆರೆಸ್ ಕೆ ಎಸ್ಕ್ರೀಬಾ, ನಾನು ಬರೆಯಲಾ? ಎಲ್ಲ ಕಡೆ ಈ 'ಲಿ' ಸಿಗುವುದಿಲ್ಲ. ದೂದೊ ಕೆ ಮಾಂದೆ ಅಂದರೆ ನಾವು "ಕಳಿಸ್ತಾನೋ ಇಲ್ವೋ" ಅನ್ನುತ್ತೇವೆ. ಅಂಥವು ಬಂದ ಹಾಗೆ ಒಂದು ನೋಟ್‌ಬುಕ್ಕಲ್ಲಿ ಬರೆದಿಡಿ. ಸೆರ್, ಎಸ್ತಾರ್, ಇರ್, ಅಬೆರ್, ಸಬೆರ್, ದಾರ್, ಈ ಆರು ಮಾತ್ರ ಯೋ ರೂಪದ ಲೆಕ್ಕಕ್ಕೆ ಸಿಗುವುದಿಲ್ಲ. ಅವನ್ನು ಮುಂದಿನ ವಾರಕ್ಕೆ ಇಟ್ಟುಕೊಳ್ಳಿ.