ಬೇರೆ ದೇಶದಲ್ಲಿದ್ದುಕೊಂಡೇ ಬಿಸಿನೆಸ್ ವೀಸಾಗೆ ಅರ್ಜಿ ಹಾಕಬಹುದಾ?

ಸಾಮಾನ್ಯವಾಗಿ ಹಾಕಬಹುದು, ಅದಕ್ಕಂತಲೇ ತಾಯ್ನಾಡಿಗೆ ಹೋಗಬೇಕಿಲ್ಲ. ಆದರೆ ಈಗಿರುವ ದೇಶದಲ್ಲಿ ನೀವು ಕಾನೂನು ಪ್ರಕಾರ ವಾಸವಿರಬೇಕು. ಷೆಂಗೆನ್ ವೀಸಾವನ್ನೇ (ಯುರೋಪಿನ ಹಲವು ದೇಶಗಳಿಗೆ ಸೇರಿ ಒಂದೇ ವೀಸಾ) ನೋಡಿ: ನೀವು ಈಗ ವಾಸವಿರುವ ಮನೆ, ಹೋಗಬೇಕಾದ ದೇಶದ ಯಾವ ಕಾನ್ಸುಲೇಟ್ (ರಾಯಭಾರ ಕಚೇರಿ) ವ್ಯಾಪ್ತಿಗೆ ಬರುತ್ತದೋ ಅಲ್ಲೇ ಅರ್ಜಿ. ಸುಮ್ನೆ ಸುತ್ತಾಡಲು ಬಂದವರಾದರೆ, ಇಲ್ಲಿಂದಲೇ ಯಾಕೆ ಅನ್ನೋದಕ್ಕೆ ಸರಿಯಾದ ಕಾರಣ ಕೊಡಬೇಕು.

ಜಾಸ್ತಿ ಜನ ಮರೆಯುವುದು ರೆಸಿಡೆನ್ಸ್ ಪರ್ಮಿಟ್, ಅಂದರೆ ಈಗಿರುವ ದೇಶದಲ್ಲಿ ವಾಸಿಸಲು ಕೊಟ್ಟಿರುವ ಅನುಮತಿ. ಕಾರ್ಡ್ ತೆಗೆದು ಅದರ ಕೊನೆಯ ದಿನಾಂಕ ಒಮ್ಮೆ ನೋಡಿ. ನೀವು ವಾಪಸ್ ಬಂದ ಮೇಲೂ ಅದು ಚಾಲ್ತಿಯಲ್ಲಿರಬೇಕು. ಇಲ್ಲದಿದ್ದರೆ ನೀವು ಹಿಂತಿರುಗುತ್ತೀರಿ ಅಂತ ಅಧಿಕಾರಿ ನಂಬೋದು ಹೇಗೆ, ಅಲ್ವಾ? ನಿಮ್ಮನ್ನು ಕರೆದ ಕಂಪನಿಯ ಆಹ್ವಾನ ಪತ್ರದಲ್ಲಿ ಭೇಟಿಯ ಉದ್ದೇಶ, ದಿನಾಂಕ, ಖರ್ಚು ಯಾರದು ಅನ್ನೋದು ಸ್ಪಷ್ಟವಾಗಿರಲಿ.

ಷೆಂಗೆನ್‌ಗೆ ಪ್ರಯಾಣಕ್ಕೆ 6 ತಿಂಗಳು ಮೊದಲೇ ಅರ್ಜಿ ಹಾಕಬಹುದು. ಕೊನೇ ಪಕ್ಷ 15 ದಿನ ಮುಂಚೆ.