ಕುಲುಕದೆ ತೆಗೆದ ಐದು ಕಾಯಿ

ಪರೀಕ್ಷೆಗೆ ಮೂರು ವಾರ ಇದೆ ಅನ್ನುವಾಗ ನನ್ನ ಕೋಣೆಗೆ ಮಕ್ಕಳು ಬರಲು ಶುರುವಾಗುತ್ತಾರೆ. ಅರ್ಧಕ್ಕರ್ಧ ಮಕ್ಕಳದು ಒಂದೇ ಮಾತು, ಸ್ಟ್ಯಾಟ್ಸ್ ಅಂದರೆ ಸಂಖ್ಯಾಶಾಸ್ತ್ರದ ಬಗ್ಗೆ. "ಮೇಡಂ, ಸ್ಟ್ಯಾಟ್ಸ್ ಪೇಪರ್ ನೋಡಿದ್ರೆ ಕೈ ನಡುಗುತ್ತೆ. ನನ್ನ ತಲೆಗೆ ಹತ್ತಲ್ಲ." ಹನ್ನೊಂದು ವರ್ಷದಿಂದ ಕಾಲೇಜಿನಲ್ಲಿ ಆಪ್ತಸಲಹೆಗಾರ್ತಿಯಾಗಿ ಕೆಲಸ ಮಾಡುತ್ತಿದ್ದೇನೆ. ಈ ಮಾತು ಕೇಳದ ಸೆಮಿಸ್ಟರ್ ಇಲ್ಲ. ಅದರಲ್ಲಿ ಒಬ್ಬ ಹುಡುಗಿಯ ವಿಷಯ ಮಾತ್ರ ಇನ್ನೂ ಮನಸ್ಸಿನಿಂದ ಹೋಗಿಲ್ಲ. ಅವಳ ವಿಷಯದಲ್ಲಿ ನಾನು ಮೂರು ವಾರ ತಪ್ಪು ಜಾಗದಲ್ಲಿ ಹುಡುಕಿದೆ.

ಅವಳ ಒಪ್ಪಿಗೆ ಪಡೆದು ಬರೆಯುತ್ತಿದ್ದೇನೆ. ಗುರುತು ಸಿಗದ ಹಾಗೆ ಊರು, ಕೋರ್ಸು ಬಿಟ್ಟಿದ್ದೇನೆ. ತೆಂಗಿನಕಾಯಿ ಮಾತ್ರ ಅವಳದೇ. ಅದನ್ನು ತೆಗೆದರೆ ಹೇಳಲು ಏನೂ ಉಳಿಯುವುದಿಲ್ಲ ಅಂದಾಗ, "ಇರಲಿ ಬಿಡಿ ಮೇಡಂ" ಅಂದಳು.

ಹತ್ತನೇ ಕ್ಲಾಸಿನವರೆಗೆ ಕನ್ನಡ ಮಾಧ್ಯಮ. ಅಪ್ಪ ಸಂತೆಗಳಲ್ಲಿ ತೆಂಗಿನಕಾಯಿ ಮಾರುತ್ತಾರೆ. ರಜೆಯಲ್ಲಿ ಇವಳೂ ಜೊತೆಗೆ ಕೂರುತ್ತಾಳೆ. ಉಳಿದ ವಿಷಯಗಳಲ್ಲಿ ಒಳ್ಳೆಯ ಅಂಕ, ಸಂಖ್ಯಾಶಾಸ್ತ್ರದಲ್ಲಿ ಎರಡು ಸಲ ಫೇಲ್. ಮೂರನೇ ಸಲವೂ ಹೋದರೆ ಓದು ಬಿಡಿಸುತ್ತಾರೆ ಅನ್ನುವ ಭಯ. ಅಪ್ಪ ಹಾಗೆ ಹೇಳಿರಲಿಲ್ಲ. ಇವಳೇ ಅಂದುಕೊಂಡಿದ್ದಳು.

ಮೊದಲ ಮೂರು ಭೇಟಿಗಳಲ್ಲಿ ನಾನು ಮಾಡಿದ್ದು ನನ್ನ ಓದು ಕಲಿಸಿದ್ದನ್ನೇ. ಉಸಿರಾಟದ ಅಭ್ಯಾಸ ಮಾಡಿಸಿದೆ. ದಿನಕ್ಕೆ ಇಷ್ಟು ಹೊತ್ತು ಅಂತ ವೇಳಾಪಟ್ಟಿ ಬರೆಸಿದೆ. "ಈ ಸಬ್ಜೆಕ್ಟ್ ನಮ್ಮಂಥವರಿಗಲ್ಲ" ಅಂದಾಗ ಸಿ. ಆರ್. ರಾವ್ ಅವರ ಬಗ್ಗೆ ಹೇಳಿದೆ. ಪ್ರಪಂಚ ಕಂಡ ದೊಡ್ಡ ಸಂಖ್ಯಾಶಾಸ್ತ್ರಜ್ಞರಲ್ಲಿ ಒಬ್ಬರು. 1920ರಲ್ಲಿ ಅವರು ಹುಟ್ಟಿದ್ದು ನಮ್ಮ ಹೂವಿನ ಹಡಗಲಿಯಲ್ಲಿ. ಅವಳು ಸುಮ್ನೆ ತಲೆ ಆಡಿಸಿದಳು. ಮನೆಗೆ ಹೋಗಿ ಮತ್ತೆ ಅದೇ ಲೆಕ್ಕ ತಪ್ಪು ಮಾಡಿದಳು.

ನಾಲ್ಕನೇ ಭೇಟಿಗೆ ನೋಟ್‌ಬುಕ್ ತರಲು ಹೇಳಿದೆ. ಯಾಕೆ ಹೇಳಿದೆ ಅಂತ ನನಗೆ ಆಗ ಸ್ಪಷ್ಟವಾಗಿ ಗೊತ್ತಿರಲಿಲ್ಲ. ಎಂ.ಎ. ಮನಶ್ಶಾಸ್ತ್ರದಲ್ಲಿ ನನಗೂ ಸಂಖ್ಯಾಶಾಸ್ತ್ರದ ಪೇಪರ್ ಇತ್ತು, ಒಂದಿಷ್ಟು ನೆನಪಿತ್ತು, ಅಷ್ಟೇ ಧೈರ್ಯ.

ನೋಟ್‌ಬುಕ್ ನೋಡಿ ಆಶ್ಚರ್ಯವಾಯಿತು. ಗಣಿತ ಬರದವಳ ಪುಸ್ತಕ ಅದಾಗಿರಲಿಲ್ಲ. ಐದು ದಶಮಾಂಶದವರೆಗೆ ಗುಣಾಕಾರ, ಕೂಡುವುದು, ಕಳೆಯುವುದು, ಎಲ್ಲೂ ತಪ್ಪಿಲ್ಲ. ಆದರೆ ಪ್ರತಿ ಲೆಕ್ಕದ ಕೊನೆಗೂ ಕೆಂಪು ಗೆರೆ.

ಒಂದು ಲೆಕ್ಕ ಹೀಗಿತ್ತು. ಒಂದು ಕಾರ್ಖಾನೆಯ ಬಲ್ಬುಗಳಲ್ಲಿ ನೂರಕ್ಕೆ ಹತ್ತು ಕೆಟ್ಟಿರುತ್ತವೆ. ಐದು ಬಲ್ಬು ತೆಗೆದರೆ ಅದರಲ್ಲಿ 'ಅಟ್ ಲೀಸ್ಟ್' ಎರಡು ಕೆಟ್ಟಿರುವ ಸಂಭವನೀಯತೆ ಎಷ್ಟು? ಇಷ್ಟು ಸಲ ತೆಗೆದರೆ ಅದರಲ್ಲಿ ಇಷ್ಟು ಕೆಟ್ಟಿರುವ ಸಂಭವ ಎಷ್ಟು ಅಂತ ಹೇಳುವ ಬೈನಾಮಿಯಲ್ ಸೂತ್ರವನ್ನು ಸರಿಯಾಗಿ ಹಾಕಿದ್ದಳು. ಒಂದೂ ಕೆಡದಿರಲು 0.59049, ಒಂದು ಕೆಡಲು 0.32805, ಎರಡು ಕೆಡಲು 0.0729. ಮೂರನ್ನೂ ಕೂಡಿಸಿ 0.99144 ಅಂತ ಬರೆದು ಕೆಳಗೆ ಎರಡು ಗೆರೆ ಎಳೆದಿದ್ದಳು.

"ಅಟ್ ಲೀಸ್ಟ್ ಎರಡು ಅಂದ್ರೆ ಏನಮ್ಮಾ?" ಅಂತ ಕೇಳಿದೆ.

"ಲೀಸ್ಟ್ ಅಂದ್ರೆ ಕಡಿಮೆ ಅಲ್ವಾ ಮೇಡಂ? ಎರಡು, ಇಲ್ಲಾ ಅದಕ್ಕಿಂತ ಕಡಿಮೆ."

ಆ ಕ್ಷಣ ನನಗೆ ಹೊಟ್ಟೆಯಲ್ಲಿ ಸಂಕಟವಾಯಿತು. ಎರಡು ವರ್ಷ, ಎರಡು ಫೇಲ್, ಮೂರು ವಾರದ ನನ್ನ ಉಸಿರಾಟದ ಅಭ್ಯಾಸ. ಎಲ್ಲದರ ಕೆಳಗೆ ಇದ್ದದ್ದು ಎರಡು ಇಂಗ್ಲಿಷ್ ಪದ. ಅವಳು ಮಾಡಿದ ಅರ್ಥ ಪೆದ್ದು ಅರ್ಥವೂ ಅಲ್ಲ. ಲೀಸ್ಟ್ ಅಂದರೆ ಕಡಿಮೆ ಅಂತ ಕಲಿಸಿದ್ದೇವೆ, ಅವಳು ನಂಬಿದ್ದಾಳೆ.

ತಿದ್ದಿಬಿಡಬಹುದಿತ್ತು. ತಿದ್ದಲಿಲ್ಲ. ಮೇಷ್ಟ್ರು ಕೆಂಪು ಶಾಯಿಯಲ್ಲಿ ಸರಿ ಉತ್ತರ ಬರೆದಿದ್ದರೂ ಅದು ಒಳಗೆ ಇಳಿದಿರಲಿಲ್ಲ. ಅದಕ್ಕೆ ಬಲ್ಬು ಬಿಟ್ಟು ಕಾಯಿಗೆ ಬಂದೆ.

"ನಿಮ್ಮ ಅಪ್ಪನ ರಾಶಿಯಲ್ಲಿ ನೂರಕ್ಕೆ ಹತ್ತು ಕೆಟ್ಟ ಕಾಯಿ ಇದೆ ಅಂದುಕೋ. ಗಿರಾಕಿ ಐದು ತಗೊಂಡ. ಅದರಲ್ಲಿ ಕನಿಷ್ಠ ಎರಡು ಕೆಟ್ಟಿರೋದು ನೂರಕ್ಕೆ ತೊಂಬತ್ತೊಂಬತ್ತು ಸಲ ಅಂತ ನಿನ್ನ ಉತ್ತರ ಹೇಳ್ತಿದೆ. ಹೌದಾ?"

ಅವಳು ತಕ್ಷಣ ಅಂದಳು, "ಅಯ್ಯೋ ಇಲ್ಲ ಮೇಡಂ. ಹಂಗಾದ್ರೆ ಮುಂದಿನ ಸಂತೆಗೆ ನಮ್ಮ ಹತ್ರ ಯಾರು ಬರ್ತಾರೆ?"

ಆಮೇಲೆ ಸುಮ್ಮನಾದಳು. ನೋಟ್‌ಬುಕ್ ತನ್ನ ಕಡೆಗೆ ತಿರುಗಿಸಿಕೊಂಡಳು. "ಕನಿಷ್ಠ ಎರಡು ಅಂದ್ರೆ ಎರಡು, ಮೂರು, ನಾಲ್ಕು, ಐದು..." ಅಂತ ಬೆರಳು ಮಡಚಿದಳು. ಸೊನ್ನೆ ಮತ್ತು ಒಂದನ್ನು ಮಾತ್ರ ಕೂಡಿಸಿದಳು, 0.91854. ಒಂದರಿಂದ ಕಳೆದಳು, 0.08146. "ನೂರಕ್ಕೆ ಎಂಟು. ಇದಾದ್ರೆ ಆಗಬಹುದು" ಅಂದಳು. ಲೆಕ್ಕ ಇಷ್ಟೇ. ನಾನು ಒಂದು ಅಂಕಿಯನ್ನೂ ಹೇಳಿರಲಿಲ್ಲ.

ಅಲ್ಲಿಗೆ ಮುಗಿಯಿತು ಅಂದುಕೊಂಡೆ. ಅವಳು ಮುಗಿಸಲಿಲ್ಲ.

"ಆದ್ರೆ ಮೇಡಂ, ಗಿರಾಕಿಗಳು ಸುಮ್ನೆ ತಗೊಳ್ಳಲ್ಲ. ಕುಲುಕಿ ನೋಡ್ತಾರೆ. ನೀರಿನ ಸದ್ದು ಕೇಳಿಯೇ ಆರಿಸೋದು. ಆಗ ಈ ಲೆಕ್ಕ ನಡೆಯಲ್ಲ ಅಲ್ವಾ?"

ಈ ಪ್ರಶ್ನೆಗಾಗಿಯೇ ನಾನು ಈ ಬರಹ ಬರೆಯುತ್ತಿರುವುದು. ಬೈನಾಮಿಯಲ್ ಯಾವಾಗ ಹಾಕಬೇಕು ಅಂತ ಪುಸ್ತಕದಲ್ಲಿ ನಾಲ್ಕು ಷರತ್ತು ಇರುತ್ತದೆ. ಎಷ್ಟು ಸಲ ತೆಗೆಯುತ್ತೇವೆ ಅನ್ನುವುದು ಮೊದಲೇ ಗೊತ್ತಿರಬೇಕು. ಪ್ರತಿ ಸಲವೂ ಫಲ ಎರಡರಲ್ಲಿ ಒಂದೇ, ಕೆಟ್ಟದ್ದು ಇಲ್ಲವೇ ಒಳ್ಳೆಯದು. ಕೆಟ್ಟದ್ದು ಬರುವ ಸಂಭವ ಪ್ರತಿ ಸಲವೂ ಅಷ್ಟೇ ಇರಬೇಕು. ಒಂದು ಕಾಯಿ ಇನ್ನೊಂದರ ಮೇಲೆ ಪರಿಣಾಮ ಮಾಡಬಾರದು. ಈ ನಾಲ್ಕನ್ನೂ ಅವಳು ಬಾಯಿಪಾಠ ಮಾಡಿ ಪರೀಕ್ಷೆಯಲ್ಲಿ ಬರೆದಿದ್ದಳು, ಅಂಕವೂ ಬಂದಿತ್ತು. ಕುಲುಕಿ ಆರಿಸಿದರೆ ಮೂರನೆಯದು ಮುರಿಯುತ್ತದೆ. ಇದನ್ನು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಸಂತೆಯಲ್ಲಿ ಕೂತು ನೋಡಿ ನೋಡಿ ಗೊತ್ತಾಗಿತ್ತು.

ಖುಷಿಯಾಗಿ ನಾನೂ ಒಂದು ಕೇಳಿದೆ. "ರಾಶಿ ದೊಡ್ಡದಿಲ್ಲ, ಹತ್ತೇ ಕಾಯಿ ಇದೆ, ಒಂದೇ ಕೆಟ್ಟಿದೆ. ಆಗ?" ಸ್ವಲ್ಪ ಯೋಚಿಸಿ ಅಂದಳು, "ಆ ಒಂದು ಹೋಯ್ತು ಅಂದ್ರೆ ಉಳಿದದ್ದೆಲ್ಲ ಒಳ್ಳೇದೇ. ಎರಡನೇದು ಕೆಟ್ಟಿರೋಕೆ ಸಾಧ್ಯಾನೇ ಇಲ್ಲ." ನಾಲ್ಕನೇ ಷರತ್ತು ಮುರಿಯುವುದು ಹೀಗೆಯೇ. ತಲೆಗೆ ಹತ್ತಲ್ಲ ಅಂದ ಹುಡುಗಿ ಇವಳೇ.

ಮುಂದಿನ ವಾರ ಕಾನ್ಫಿಡೆನ್ಸ್ ಇಂಟರ್ವಲ್ ಲೆಕ್ಕ ತಂದಳು, ಕೆಲವನ್ನೇ ಅಳೆದು ಇಡೀ ರಾಶಿಯ ಸರಾಸರಿ ಎಲ್ಲಿಂದ ಎಲ್ಲಿಯವರೆಗೆ ಇರಬಹುದು ಅಂತ ಅಂದಾಜು ಮಾಡುವ ಲೆಕ್ಕ. ಇಲ್ಲಿ ತೊಡಕು ಬೇರೆ. 25 ಕಾಯಿ ತೂಗಿದ್ದಾರೆ ಅಂತ ನಾವೇ ಇಟ್ಟುಕೊಂಡೆವು. ಸರಾಸರಿ 500 ಗ್ರಾಂ, ಸ್ಯಾಂಪಲ್‌ನ ಸ್ಟ್ಯಾಂಡರ್ಡ್ ಡೀವಿಯೇಷನ್ (ತೂಕಗಳು ಸರಾಸರಿಯಿಂದ ಎಷ್ಟು ಚದುರಿವೆ ಅನ್ನುವ ಅಳತೆ) 50 ಗ್ರಾಂ. 25ರ ವರ್ಗಮೂಲ 5, 50ನ್ನು 5ರಿಂದ ಭಾಗಿಸಿದರೆ 10. ಇಡೀ ರಾಶಿಯ ಡೀವಿಯೇಷನ್ ಗೊತ್ತಿಲ್ಲ, ಅದಕ್ಕೆ ಟಿ ಟೇಬಲ್. 25ರಲ್ಲಿ ಒಂದು ಕಳೆದು 24ರ ಸಾಲಿನಲ್ಲಿ, ನೂರಕ್ಕೆ 95ರ ಭರವಸೆಗೆ 2.064, ಅದರ ಹತ್ತರಷ್ಟು 20.64. ಇಂಟರ್ವಲ್ 479.36ರಿಂದ 520.64. ಇಷ್ಟೂ ಸರಿ ಮಾಡಿದಳು. ಅರ್ಥ ಬರೆಯುವಾಗ ಮಾತ್ರ, ನೂರರಲ್ಲಿ 95 ಕಾಯಿ ಈ ತೂಕದೊಳಗೆ ಇರುತ್ತವೆ ಅಂತ ಬರೆದಳು.

ನಾನು ಮತ್ತೆ ತಿದ್ದಲಿಲ್ಲ. ಜೋರಾಗಿ ಓದಲು ಹೇಳಿದೆ, ಅಷ್ಟೇ. ಓದುತ್ತಾ ಓದುತ್ತಾ ನಿಂತಳು. "ಹಿಂಗೆ ಒಂದೇ ಅಳತೆ ಕಾಯಿ ಯಾವ ತೋಟದಲ್ಲೂ ಬರಲ್ಲ ಮೇಡಂ." ಹೌದು. ಕಾಯಿಯ ತೂಕಗಳು ನಾರ್ಮಲ್ ಆಗಿ, ಅಂದರೆ ಸರಾಸರಿಯ ಸುತ್ತ ಹೆಚ್ಚು, ಎರಡೂ ಕಡೆ ದೂರ ಹೋದಂತೆ ಕಡಿಮೆ, ಹೀಗೆ ಹರಡಿದ್ದರೆ ಆ 41 ಗ್ರಾಂ ಕಿಂಡಿಯಲ್ಲಿ ಮೂರರಲ್ಲಿ ಒಂದು ಕಾಯಿ ಸಿಕ್ಕರೆ ಹೆಚ್ಚು. ಆ ಇಂಟರ್ವಲ್ ಹೇಳುವುದು ಇಡೀ ರಾಶಿಯ ಸರಾಸರಿಯ ಬಗ್ಗೆ, ಒಂದೊಂದು ಕಾಯಿಯ ಬಗ್ಗೆ ಅಲ್ಲ.

95 ಅನ್ನುವುದನ್ನು ಹಿಡಿಯಲು ಜಾಸ್ತಿ ಹೊತ್ತು ಬೇಕಾಯಿತು. ರಾಶಿಯ ಸರಾಸರಿ ಎಲ್ಲೋ ಒಂದು ಕಡೆ ಇದ್ದೇ ಇದೆ, ಅದು ಅಲ್ಲಾಡುವುದಿಲ್ಲ. ನಾವು ಮತ್ತೆ ಮತ್ತೆ 25 ಕಾಯಿ ತೂಗಿದರೆ ಪ್ರತಿ ಸಲ ಇಂಟರ್ವಲ್ ಬೇರೆ ಬರುತ್ತದೆ. ಹಾಗೆ ನೂರು ಸಲ ಮಾಡಿದರೆ ಸುಮಾರು 95 ಸಲ ಅದು ನಿಜವಾದ ಸರಾಸರಿಯನ್ನು ಒಳಗೆ ಹಿಡಿದಿರುತ್ತದೆ. ಸಂಖ್ಯಾಶಾಸ್ತ್ರಜ್ಞ ಯೆಜಿ ನೇಮನ್ 1937ರಲ್ಲಿ ಇದನ್ನು ಹೀಗೆಯೇ ಕಟ್ಟಿಕೊಟ್ಟರು. ಆ ಟಿ ಟೇಬಲ್‌ನ ಮೂಲವೂ ಅಂಗಡಿ, ತೋಟದ ಕಡೆಯದ್ದೇ ಅಂತ ಹೇಳಿದೆ. ಡಬ್ಲಿನ್‌ನ ಬಿಯರ್ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ ವಿಲಿಯಂ ಗಾಸೆಟ್, ಸಣ್ಣ ಸ್ಯಾಂಪಲ್‌ನಿಂದ ಎಷ್ಟು ಹೇಳಬಹುದು ಅನ್ನುವ ಕಷ್ಟಕ್ಕೆ ಸಿಕ್ಕಿ, 1908ರಲ್ಲಿ 'ಸ್ಟೂಡೆಂಟ್' ಅನ್ನುವ ಹೆಸರಿನಲ್ಲಿ ಅದನ್ನು ಬರೆದರು. ಈ ಸಲ ಅವಳು ತಲೆ ಆಡಿಸಿ ಬಿಡಲಿಲ್ಲ. "ಅವರೂ ಎಲ್ಲಾ ಮೂಟೆ ಬಿಚ್ಚಿ ನೋಡೋಕೆ ಆಗ್ತಿರಲಿಲ್ಲ ಅಲ್ವಾ" ಅಂದಳು.

ಅವಳಿಗೆ ಕೊಟ್ಟ ಸಲಹೆ ಮೂರೇ ಮಾತಿನದ್ದು. ಪ್ರಶ್ನೆ ಓದಿದ ಕೂಡಲೇ ಸೂತ್ರಕ್ಕೆ ಕೈ ಹಾಕಬೇಡ, ಏನು ಕೇಳಿದ್ದಾರೆ ಅಂತ ಕನ್ನಡದಲ್ಲಿ ಒಂದು ಸಾಲು ಬರೆದುಕೋ. ಸೊನ್ನೆಯಿಂದ ಕೊನೆಯವರೆಗೆ ಅಂಕಿ ಬರೆದು, ಕೇಳಿದ ಅಂಕಿಗಳಿಗೆ ಸುತ್ತು ಹಾಕು. ಲೆಕ್ಕ ಮಾಡುವ ಮೊದಲು ಉತ್ತರ ಅರ್ಧಕ್ಕಿಂತ ಜಾಸ್ತಿ ಇರಬಹುದಾ, ಕಡಿಮೆ ಇರಬಹುದಾ ಅಂತ ಊಹೆ ಬರೆದಿಡು. ಅಟ್ ಲೀಸ್ಟ್ ಅಂದರೆ ಕನಿಷ್ಠ, ಅಟ್ ಮೋಸ್ಟ್ ಅಂದರೆ ಹೆಚ್ಚೆಂದರೆ, ಮೋರ್ ದ್ಯಾನ್ ಎರಡು ಅಂದರೆ ಎರಡನ್ನು ಬಿಟ್ಟು ಮೇಲಿನವು. ಇವನ್ನು ಅವಳೇ ಒಂದು ಚೀಟಿಯಲ್ಲಿ ಬರೆದು ಗೋಡೆಗೆ ಅಂಟಿಸಿಕೊಂಡಳು. ಅಪ್ಪನ ಹತ್ತಿರ ಮಾತಾಡು ಅಂತಲೂ ಹೇಳಿದ್ದೆ. ಮಾತಾಡಿದಳು. ಓದು ಬಿಡಿಸುವ ಯೋಚನೆ ಅವರಿಗೆ ಬಂದೇ ಇರಲಿಲ್ಲ.

ಇದನ್ನು ಕೇಳಿದ ನನ್ನ ವೃತ್ತಿಯ ಗೆಳತಿಯೊಬ್ಬರು ಬೇಸರದಿಂದ ಅಂದರು, "ಲೆಕ್ಕ ಹೇಳಿಕೊಡೋದು ಮೇಷ್ಟ್ರ ಕೆಲಸ. ನೀವು ಗಡಿ ದಾಟಿದ್ರಿ." ಅವರ ಮಾತಿನಲ್ಲಿ ತೂಕವಿದೆ. ನಾನೂ ಎರಡು ರಾತ್ರಿ ಯೋಚಿಸಿದೆ. ಆದರೂ ಮತ್ತೆ ಇದನ್ನೇ ಮಾಡುತ್ತೇನೆ. ಭಯ ಅನ್ನುತ್ತೇವೆ. ಒಬ್ಬಳು ಪ್ರಾಮಾಣಿಕವಾಗಿ ಲೆಕ್ಕ ಮಾಡಿ, ಪ್ರತಿ ಸಲವೂ ತಪ್ಪು ಅನ್ನಿಸಿಕೊಂಡು, ಯಾಕೆ ತಪ್ಪು ಅಂತ ಗೊತ್ತಾಗದೇ ಇದ್ದರೆ ಅವಳ ಕೈ ನಡುಗದೆ ಇನ್ನೇನು ಮಾಡೀತು? ಆ ಕೈಗೆ ಉಸಿರಾಟ ಕಲಿಸುವುದು ಕಾಲಿಗೆ ಮುಳ್ಳು ಚುಚ್ಚಿದವರಿಗೆ ನಿಧಾನ ನಡೆಯಿರಿ ಅಂದ ಹಾಗೆ. ಅವಳ ಒಪ್ಪಿಗೆ ಪಡೆದು ಮೇಷ್ಟ್ರ ಹತ್ತಿರವೂ ಮಾತಾಡಿದೆ. ಅವರು ಒಳ್ಳೆಯ ಮನುಷ್ಯ. ಎಂಬತ್ತು ಮಕ್ಕಳ ಕ್ಲಾಸಿನಲ್ಲಿ ಈ ಎರಡು ಪದದ ಕಡೆ ಗಮನ ಹೋಗಿರಲಿಲ್ಲ. ಈಗ ಬೋರ್ಡಿನ ಮೂಲೆಯಲ್ಲಿ ಕನ್ನಡದಲ್ಲೂ ಬರೆಯುತ್ತಾರೆ.

ಎಲ್ಲಾ ಭಯವೂ ಹೀಗಿರುವುದಿಲ್ಲ, ಇದನ್ನೂ ಹೇಳಲೇಬೇಕು. ವಾರಗಟ್ಟಲೆ ನಿದ್ದೆ ಇಲ್ಲದಿದ್ದರೆ, ಊಟ ಬಿಟ್ಟಿದ್ದರೆ, ಬದುಕುವುದೇ ಬೇಡ ಅನ್ನಿಸುತ್ತಿದ್ದರೆ ನೋಟ್‌ಬುಕ್ ಪಕ್ಕಕ್ಕಿಡಿ, ಆ ದಿನವೇ ವೈದ್ಯರ ಹತ್ತಿರ ಹೋಗಿ. ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು. ಈ ಹುಡುಗಿಯನ್ನೂ ನಾನು ಮೊದಲ ದಿನವೇ ಇವೆಲ್ಲ ಕೇಳಿದ್ದೆ.

ಮೂರನೇ ಸಲ ಪಾಸಾದಳು. ದೊಡ್ಡ ಅಂಕ ಅಲ್ಲ. ಪಾಯ್ಸಾನ್ ಅನ್ನುವ ಇನ್ನೊಂದು ಬಗೆಯ ಸಂಭವನೀಯತೆಯ ಲೆಕ್ಕ ಪೂರ್ತಿ ತಪ್ಪಾಗಿತ್ತಂತೆ. ಆಮೇಲೆ ಒಂದು ದಿನ ನೋಟ್‌ಬುಕ್ ತೋರಿಸಲು ಬಂದಿದ್ದಳು. ಪ್ರತಿ ಲೆಕ್ಕದ ಪಕ್ಕದಲ್ಲಿ ಪೆನ್ಸಿಲ್‌ನಲ್ಲಿ ಸಣ್ಣದಾಗಿ ಬರೆದಿತ್ತು, "ಕುಲುಕಿದ್ರಾ?"

ಈ ಸೆಮಿಸ್ಟರ್‌ನ ಮೊದಲ ಹುಡುಗ ಹೋದ ಸೋಮವಾರ ಬಂದ. ಸ್ಟ್ಯಾಟ್ಸ್ ತಲೆಗೆ ಹತ್ತಲ್ಲ ಮೇಡಂ ಅಂದ. ನಿದ್ದೆ, ಊಟ ಕೇಳಿದೆ, ಚೆನ್ನಾಗಿತ್ತು. ನೋಟ್‌ಬುಕ್ ಕೇಳಿದೆ. ತಂದಿರಲಿಲ್ಲ. ಹಾಸ್ಟೆಲ್‌ಗೆ ಹೋಗಿ ತಗೊಂಡು ಬಾ, ಕಾಯ್ತಿರ್ತೀನಿ ಅಂದೆ.