ಪ್ರತಿಕ್ರಿಯೆ: ಚಿಂಚಿಲಾಗೆ ಹೊಳೆ ಮರಳು ಬೇಡ

ಹೊರಳಾಡಿ ಮೈ ಶುಚಿ ಮಾಡಿಕೊಳ್ಳಲು ಕೃಷ್ಣಾ ಹೊಳೆ ಮರಳನ್ನು ಜರಡಿ ಹಿಡಿದು ಕೊಟ್ಟರೂ ನಿಮ್ಮ ಚಿಂಚಿಲಾದ (ಇಲಿ ಜಾತಿಯ ಪುಟ್ಟ ಸಾಕುಪ್ರಾಣಿ) ತುಪ್ಪಳ ಗಂಟಾಗುತ್ತಿದೆ ಎಂದು ಬರೆದಿದ್ದೀರಿ. ಮರಳೇ ತಪ್ಪು ರೀ. ಒಂದೇ ಬುಡದಿಂದ 50ಕ್ಕೂ ಹೆಚ್ಚು ಎಳೆ ಹೊರಡುವ ದಟ್ಟ ತುಪ್ಪಳ ಅದು. ಹೊಳೆ ಮರಳಿನ ದಪ್ಪ ಕಣ ಒಳಗಿಳಿಯುವುದಿಲ್ಲ, ಮೇಲಾಗಿ ಎಳೆಗಳನ್ನು ಕತ್ತರಿಸುತ್ತದೆ. ಬೇಕಾದದ್ದು ಹಿಟ್ಟಿನಷ್ಟು ನುಣ್ಣಗಿನ ಚಿಂಚಿಲಾ ಡಸ್ಟ್ ಎಂಬ ಪುಡಿ, ದಕ್ಷಿಣ ಅಮೆರಿಕದ ಆಂಡಿಸ್ ಬೆಟ್ಟದಲ್ಲಿ ಅವು ಹೊರಳಾಡುವ ಜ್ವಾಲಾಮುಖಿ ಬೂದಿಯಂಥದ್ದು. ಟಾಲ್ಕಮ್ ಪೌಡರ್ ಸಲ್ಲದು.

ಅಲುಗದ, ಭಾರದ ಪಿಂಗಾಣಿ ಬೋಗುಣಿಯಲ್ಲಿ 3–4 ಸೆಂ.ಮೀ. ಪುಡಿ ಹಾಕಿ, ವಾರಕ್ಕೆ 2–3 ಸಲ, ಸಂಜೆ 10–15 ನಿಮಿಷ ಇಡಿ. ಆಮೇಲೆ ತೆಗೆದುಬಿಡಿ. ಬೋಗುಣಿಯನ್ನು ಗೂಡಿನೊಳಗೇ ಬಿಟ್ಟರೆ ಅದರಲ್ಲೇ ಉಚ್ಚೆ ಹೊಯ್ಯುತ್ತದೆ, ಪುಡಿ ಮುದ್ದೆಯಾಗಿ ಹೊಟ್ಟೆಯಡಿಯ ತುಪ್ಪಳಕ್ಕೆ ಮೆತ್ತಿಕೊಳ್ಳುತ್ತದೆ. ಹಿಕ್ಕೆ ಜರಡಿಯಲ್ಲಿ ಸೋಸಿ ಒಣಪುಡಿ ಮತ್ತೆ ಬಳಸಿ, ಒದ್ದೆಯಾದದ್ದು ಚೆಲ್ಲಿ. ಕಣ್ಣಲ್ಲಿ ನೀರು ಬಂದರೆ, ಕಿವಿಯ ಚರ್ಮ ಒಣಗಿ ಹೊಟ್ಟೆದ್ದರೆ ವಾರಕ್ಕೆ 1 ಸಲಕ್ಕೆ ಇಳಿಸಿ.

ನೀರಿನ ಸ್ನಾನ ಮಾತ್ರ ಬೇಡವೇ ಬೇಡ. ತುಪ್ಪಳದ ಬುಡ ಒಣಗದೆ ಬೂಷ್ಟು ಹಿಡಿಯುತ್ತದೆ. ಇನ್ನೊಂದು, ವಿಜಯಪುರದ ಬಿಸಿಲಿಗೆ ನೀರಿನ ಕೂಲರ್ ಇಟ್ಟಿದ್ದರೆ ಆ ತೇವಕ್ಕೂ ತುಪ್ಪಳ ಗಂಟಾಗುತ್ತದೆ. ಎಸಿ ಹಾಕಿ ಕೋಣೆಯನ್ನು 24 ಡಿಗ್ರಿಯೊಳಗೇ ಇಡಿ.